ಹಸಿರು ಜಾಕೀಟಿನ ಚುಪೋರ್

ಎತೆಲ್ಕಾ ನೇನಿಯ ಕೂದಲು ಪ್ರತಿ ಶುಕ್ರವಾರ ನನ್ನ ಕೈಗೆ ಸಿಗುತ್ತದೆ, ಬಾಯಿ ಮಾತ್ರ ಈ ಊರಿನಲ್ಲಿ ಯಾರ ಕೈಗೂ ಸಿಕ್ಕಿಲ್ಲ. ತಲೆ ತೊಳೆಯುವಾಗ ಕಿವಿಗೆ ನೀರು ಹೋದರೂ ಮಾತು ನಿಲ್ಲುವುದಿಲ್ಲ. ಕೂದಲಿಗೆ ಸುರುಳಿ ಸುತ್ತಿ ಬಿಸಿಗಾಳಿಯ ಟೋಪಿಯ ಕೆಳಗೆ ಕೂರಿಸಿದರೆ, ಆ ಗುಂಯ್ ಸದ್ದಿನಲ್ಲಿ ತನಗೇ ತನ್ನ ಮಾತು ಕೇಳಿಸುವುದಿಲ್ಲವೆಂದು ಇನ್ನೂ ಗಟ್ಟಿಯಾಗಿ ಶುರು ಮಾಡುತ್ತಾರೆ. ಬೀದಿಯಲ್ಲಿ ಹೋಗುವವರು ಒಳಗೆ ಜಗಳವಾಗುತ್ತಿದೆ ಅಂದುಕೊಂಡು ಗಾಜಿಗೆ ಮೂಗು ಒತ್ತಿ ನೋಡುತ್ತಾರೆ. ನಮ್ಮಲ್ಲಿ ವಯಸ್ಸಾದ ಹೆಂಗಸರಿಗೆಲ್ಲ ಹೆಸರಿನ ಕೊನೆಗೆ ನೇನಿ ಸೇರಿಸಿ ಕರೆಯುವುದು ವಾಡಿಕೆ. ಆದರೆ ಬರೀ "ನೇನಿ" ಅಂದರೂ ಸಾಕು, ಊರಿನವರಿಗೆ ಎತೆಲ್ಕಾ ಎಂದು ಗೊತ್ತಾಗುತ್ತದೆ.

ನನ್ನ ಸಲೂನು ಚರ್ಚಿನ ಎದುರಿಗಿದೆ. ಗಂಡಸರಿಗೂ ಹೆಂಗಸರಿಗೂ ಒಂದೇ ಕುರ್ಚಿ. ಕನ್ನಡಿಯ ಕೆಳಗಿನ ಹಲಗೆಯ ಮೇಲೆ, ಬಾಚಣಿಗೆಗಳ ಪಕ್ಕ, ಒಂದು ರಬ್ಬರ್ ಗೊಂಬೆ ಕೂತಿದೆ. ಅಂಗೈಯಷ್ಟು ದೊಡ್ಡ ಹ್ಯಾಮ್‌ಸ್ಟರ್, ಅಂದರೆ ಕಾಳನ್ನು ಕೆನ್ನೆಯಲ್ಲಿ ತುಂಬಿಟ್ಟುಕೊಳ್ಳುವ ಹೊಲದ ಪುಟ್ಟ ಪ್ರಾಣಿ, ಎರಡೂ ಕೆನ್ನೆ ಉಬ್ಬಿಕೊಂಡಿವೆ, ಮೈಮೇಲೆ ತೋಳಿಲ್ಲದ ಹಸಿರು ಜಾಕೀಟು. ಅವನೇ ಚುಪೋರ್. ನಲವತ್ತು ದಾಟಿದ ಗಂಡಸರು, ಬ್ಯಾಂಕಿನವರು, ಟ್ರ್ಯಾಕ್ಟರ್ ಓಡಿಸುವವರು, ಒಬ್ಬ ಪಾದ್ರಿಯೂ ಸೇರಿದಂತೆ, ಕುರ್ಚಿಯಲ್ಲಿ ಕೂತ ಕೂಡಲೇ ಕೈ ಚಾಚಿ ಅವನ ಹೊಟ್ಟೆ ಅದುಮುತ್ತಾರೆ. ಒಳಗಿನ ಸೀಟಿ ಕೆಟ್ಟು ಯಾವ ಕಾಲವಾಯಿತೋ! ಆದರೂ ಅದುಮುತ್ತಾರೆ, "ಅಯ್ಯೋ, ನನ್ನ ಹತ್ರಾನೂ ಇತ್ತು" ಅನ್ನುತ್ತಾರೆ. ಆಮೇಲೆ ಕೂದಲು ಎಷ್ಟು ತೆಗೆಯಲಿ ಎಂದು ಕೇಳಿದರೆ ಉತ್ತರ ಕೊಡುವ ಸ್ಥಿತಿಯಲ್ಲಿ ಅವರಿರುವುದಿಲ್ಲ.

ನಾವು ಚಿಕ್ಕವರಿದ್ದಾಗ ದಿನಾ ಸಂಜೆ ಟಿವಿಯಲ್ಲಿ ಚುಪೋರ್‌ನ ಕಾರ್ಟೂನು ಬರುತ್ತಿತ್ತು. ಸೋಮವಾರ ಮಾತ್ರ ಇಲ್ಲ, ಯಾಕೆಂದರೆ ಆಗ ನಮ್ಮ ದೇಶದಲ್ಲಿ ಸೋಮವಾರ ಟಿವಿಯೇ ಇರುತ್ತಿರಲಿಲ್ಲ. ಕಥೆ ಯಾವಾಗಲೂ ಒಂದೇ. ಚುಪೋರ್‌ಗೆ ಕಂಡದ್ದೆಲ್ಲ ಬೇಕು, ಕಂಡದ್ದನ್ನೆಲ್ಲ ಕೆನ್ನೆಯೊಳಗೆ ತುರುಕಿಕೊಳ್ಳುತ್ತಾನೆ. ಕಾಳು, ಗಡಿಯಾರ, ಸೈಕಲ್ ಗಂಟೆ, ಒಂದು ಸಲ ನೆರೆಮನೆಯವರ ಸ್ನಾನದ ತೊಟ್ಟಿ. ಬಾಯಿ ತುಂಬಿರುವುದರಿಂದ ಮಾತು ಬರುವುದಿಲ್ಲ, ಬರೀ "ಮ್ಮ್, ಮ್ಮ್" ಅನ್ನುತ್ತಾನೆ. ಕೊನೆಗೆ ಯಾರಿಗೆ ಏನು ಕಳೆದುಹೋಗಿದೆಯೋ ಅದನ್ನು ಕೆನ್ನೆಯಿಂದ ತೆಗೆದು ಕೊಟ್ಟು ಮಲಗಿಬಿಡುತ್ತಾನೆ. ಅಷ್ಟೇ ಕಥೆ. ಅಷ್ಟಕ್ಕೇ ನಾವು ಪ್ರಾಣ ಬಿಡುತ್ತಿದ್ದೆವು.

ಆ ಚುಪೋರ್‌ನ ರಬ್ಬರ್ ಗೊಂಬೆಗಳನ್ನು ನಮ್ಮ ಊರಿನ ಸಹಕಾರಿ ಸಂಘ ಮಾಡುತ್ತಿತ್ತು. ಅಚ್ಚು ಹಾಕುವುದು ಸಂಘದ ಶೆಡ್ಡಿನಲ್ಲಿ, ಬಣ್ಣ ಹಚ್ಚುವುದು ಊರಿನ ಹೆಂಗಸರ ಅಡುಗೆಮನೆಯಲ್ಲಿ. ಸೋಮವಾರ ಬೆಳಿಗ್ಗೆ ವ್ಯಾನು ಬಂದು ಮನೆಮನೆಗೆ ಬೋಳು ಗೊಂಬೆಗಳ ಚೀಲ ಇಳಿಸಿ ಹೋಗುತ್ತಿತ್ತು. ಎತೆಲ್ಕಾ ನೇನಿ ಆಗ ಇಪ್ಪತ್ತೇಳರ ಹೆಂಗಸು, ನದಿಯಲ್ಲಿ ದೋಣಿ ದಾಟಿಸುವ ದೆಝೋನ ಹೆಂಡತಿ. ಆಕೆಯ ಕೈ ಎಷ್ಟು ಚುರುಕೆಂದರೆ ಉಳಿದ ಹೆಂಗಸರು ಕೆನ್ನೆ ಮುಗಿಸುವಷ್ಟರಲ್ಲಿ ಆಕೆ ಮೀಸೆಗೆ ಬಂದಿರುತ್ತಿದ್ದರು. ಅದಕ್ಕೇ ಮಾದರಿ ಗೊಂಬೆಗೆ ಬಣ್ಣ ಹಚ್ಚುವ ಕೆಲಸ ಆಕೆಗೆ ಬಂತು. ಆಕೆ ಹಚ್ಚಿದ್ದನ್ನು ನೋಡಿ ಉಳಿದವರು ಹಚ್ಚಬೇಕು.

ಇಲ್ಲಿಯೇ ಎಡವಟ್ಟಾದದ್ದು. ಬುಡಾಪೆಸ್ಟಿನಿಂದ ಅಚ್ಚು ಬಂದಿತ್ತು, ಬಣ್ಣ ಯಾವುದೆಂದು ಹೇಳುವವರು ಬಂದಿರಲಿಲ್ಲ. ನೇನಿ ಸಂಘದ ಮೇಸ್ತ್ರಿಯನ್ನು ಕೇಳಿದರೆ ಆತ, "ದಿನಾ ಟಿವೀಲಿ ಬರ್ತಾನಲ್ಲ, ನೋಡ್ಕೊಂಡು ಹಚ್ಚಮ್ಮ" ಅಂದ. ಊರಿನಲ್ಲಿದ್ದ ಟಿವಿಗಳೆಲ್ಲ ಕಪ್ಪು ಬಿಳುಪು. ನೇನಿ ಎರಡು ಸಂಜೆ ಪರದೆಗೆ ಮೂಗು ತಾಗಿಸಿ ಕೂತು ನೋಡಿದರು. ಜಾಕೀಟು ಬೂದಿಯ ಬಣ್ಣ. ಬೇಲಿಯೂ ಬೂದಿ, ಆಕಾಶವೂ ಬೂದಿ.

"ಆಮೇಲೆ ಏನ್ ಮಾಡಿದ್ರಿ?" ಎಂದು ನಾನು ಎಷ್ಟು ಸಲ ಕೇಳಿದ್ದೇನೋ. ಕೇಳಲಿ ಎಂದೇ ಅವರು ಆ ಜಾಗಕ್ಕೆ ಬಂದಾಗ ಸುಮ್ಮನಾಗುತ್ತಾರೆ.

"ಏನ್ ಮಾಡೋದು? ಸಂಘದವರು ಹಿಂದಿನ ವರ್ಷ ಕಪ್ಪೆ ಗೊಂಬೆ ಮಾಡಿದ್ರು. ಆ ದರಿದ್ರ ಕಪ್ಪೇನ ಒಬ್ರೂ ಕೊಳ್ಳಲಿಲ್ಲ. ಡ್ರಮ್ ಡ್ರಮ್ ಹಸಿರು ಬಣ್ಣ ಹಂಗೇ ಬಿದ್ದಿತ್ತು. ನಾನಂದೆ, ಹೊಲದಲ್ಲಿರೋ ಪ್ರಾಣಿ, ಹಸಿರು ಹಾಕ್ಕೊಳ್ದೆ ಇನ್ನೇನ್ ಹಾಕ್ಕೊಳತ್ತೆ?"

ಹೀಗೆ ಚುಪೋರ್‌ಗೆ ಹಸಿರು ಜಾಕೀಟು ಬಂತು. ಇಡೀ ಜಿಲ್ಲೆಯ ಸಂತೆಗಳಲ್ಲಿ, ರೈಲು ನಿಲ್ದಾಣದ ಅಂಗಡಿಗಳಲ್ಲಿ, ಅಜ್ಜಿಯರ ಕೈಚೀಲಗಳಲ್ಲಿ ಹಸಿರು ಚುಪೋರ್‌ಗಳು ಕೀಂಯ್ ಕೀಂಯ್ ಅನ್ನತೊಡಗಿದವು. ನಾನು ಹುಟ್ಟಿ ಕಣ್ಣು ಬಿಟ್ಟಾಗಿನಿಂದ ನೋಡಿದ್ದು ಆ ಹಸಿರನ್ನೇ. ಟಿವಿಯಲ್ಲಿ ಬೂದಿ ಬಣ್ಣದ ಚುಪೋರ್ ಓಡಾಡುವಾಗ ನಮ್ಮ ಕಣ್ಣು ತಾನಾಗಿ ಹಸಿರು ಬಳಿಯುತ್ತಿತ್ತು.

ನಾನು ಏಳು ವರ್ಷದವಳಿದ್ದಾಗ ನಮ್ಮ ಬೀದಿಯ ದನದ ಡಾಕ್ಟರ ಮನೆಗೆ ಬಣ್ಣದ ಟಿವಿ ಬಂತು. ಬೀದಿಯ ಮಕ್ಕಳೆಲ್ಲ ಸಾಕ್ಸು ಕಳಚಿಟ್ಟು ಅವರ ಮನೆಯ ಜಮಖಾನದ ಮೇಲೆ ಕೂತೆವು. ಚುಪೋರ್ ಬಂದ. ಮೈಮೇಲೆ ಕೆಂಪು ಜಾಕೀಟು! ನಾನು ಜೋರಾಗಿ ಅಳಲು ಶುರುಮಾಡಿದೆ. "ಯಾರದೋ ಜಾಕೀಟು ಹಾಕ್ಬಿಟ್ಟಿದ್ದಾರೆ ಅವನಿಗೆ!" ನನ್ನ ಅಳು ನೋಡಿ ಉಳಿದವರೂ ದನಿ ಸೇರಿಸಿದರು. ಪಾಪ ಡಾಕ್ಟರು ಹೊಸ ಟಿವಿಯೇ ಕೆಟ್ಟಿದೆ ಅಂದುಕೊಂಡು ಅದರ ನೆತ್ತಿಗೆ ಎರಡು ಬಾರಿಸಿದರು, ಗುಂಡಿಗಳನ್ನೆಲ್ಲ ತಿರುಗಿಸಿದರು. ಚುಪೋರ್ ಮಲಗಿದ ಮೇಲೆ ಬಂದ ವಾರ್ತೆಯವರ ಮುಖ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಡಾಕ್ಟರು ಅದನ್ನು ಹಾಗೆಯೇ ಒಂದು ವಾರ ನೋಡಿದರಂತೆ.

ನೇನಿಗೆ ಈ ಸುದ್ದಿ ಮುಟ್ಟಿದಾಗ ಅವರು ಸ್ವಲ್ಪವೂ ಅಲುಗಾಡಲಿಲ್ಲ. "ಬುಡಾಪೆಸ್ಟಿನೋರಿಗೆ ಹೊಲ ಗೊತ್ತಾ, ಹ್ಯಾಮ್‌ಸ್ಟರ್ ಗೊತ್ತಾ? ಅವರದ್ದೇ ತಪ್ಪು" ಅಂದರು. ಸಂಘವೂ ಬಣ್ಣ ಬದಲಿಸುವ ಗೋಜಿಗೆ ಹೋಗಲಿಲ್ಲ. ಹಸಿರು ಇನ್ನೂ ಎರಡು ಡ್ರಮ್ ಉಳಿದಿತ್ತು.

ಆಮೇಲೆ ಕಾಲ ಬದಲಾಯಿತು. ಸರ್ಕಾರ ಬದಲಾಯಿತು, ಸಂಘ ಮುಚ್ಚಿತು, ಕಾರ್ಟೂನು ನಿಂತಿತು. ನೇನಿ ಶಾಲೆಯ ಅಡುಗೆಮನೆ ಸೇರಿ ನಿವೃತ್ತಿಯ ತನಕ ಮಕ್ಕಳಿಗೆ ಪಲ್ಯ ಬಡಿಸಿದರು. ದೆಝೋ ತೀರಿಕೊಂಡ. ಮಗ ಗೆರ್ಗೋ ಲಾರಿ ಓಡಿಸುತ್ತಾ ಅರ್ಧ ತಿಂಗಳು ಆಸ್ಟ್ರಿಯಾದ ರಸ್ತೆಗಳಲ್ಲಿ ಇರುತ್ತಾನೆ. ಸೊಸೆ ನೋಎಮಿಗೆ ಕೇಬಲ್ ಕಾರ್ಖಾನೆಯಲ್ಲಿ ಪಾಳಿಯ ಕೆಲಸ. ಅವರ ಮಗಳು ಮಿರ್ತಿಲ್, ಆರು ವರ್ಷದ ಪುಟಾಣಿ, ಶಿಶುವಿಹಾರ ಮುಗಿದ ಮೇಲೆ ಅಜ್ಜಿಯ ಮನೆಯಲ್ಲೇ ಬೆಳೆಯುತ್ತಿದ್ದಾಳೆ. ನೇನಿಗೆ ಲೋಕವೆಂದರೆ ಆ ಹುಡುಗಿಯೇ. ಅವಳಿಗೆ ಮುಂದಿನ ಹಲ್ಲು ಬಿದ್ದದ್ದನ್ನು ನಾನು ಮೂರು ಶುಕ್ರವಾರ ಕೇಳಿದ್ದೇನೆ, ಪ್ರತಿ ಸಲವೂ ಹಲ್ಲು ಬೇರೆ ಬೇರೆ ಜಾಗದಲ್ಲಿ ಬಿದ್ದಿತ್ತು.

ಹೋದ ವರ್ಷ ಚುಪೋರ್ ಮತ್ತೆ ಬಂದ. ಹೊಸಬರು ಯಾರೋ ಅವನನ್ನು ಕಂಪ್ಯೂಟರಿನಲ್ಲಿ ಹೊಸದಾಗಿ ಮಾಡಿದ್ದಾರೆ. ಮಕ್ಕಳು ಫೋನಿನಲ್ಲಿ, ಟಿವಿಯಲ್ಲಿ ಬೆಳಿಗ್ಗೆಯಿಂದ ಸಂಜೆಯ ತನಕ ಅದನ್ನೇ ನೋಡುತ್ತಾರೆ. ಅವನಿಗೀಗ ಟೊಪ್ಪಿ ಹೊಲಿದ ನೇರಳೆ ಅಂಗಿ. ಕಾಲಿಗೆ ಚಕ್ರದ ಬೂಟು. ಸುಮ್ಮನೆ ಕೂರುವುದೇ ಇಲ್ಲ, ಓಡುತ್ತಲೇ ಇರುತ್ತಾನೆ, ಓಡುತ್ತಾ ಪಟಪಟ ಮಾತಾಡುತ್ತಾನೆ. ನಾನು ಒಂದು ಸಲ ನೋಡಿ ಫೋನು ಮಗುಚಿಟ್ಟೆ. ನನ್ನ ಬಾಲ್ಯವನ್ನು ಯಾರೋ ಕೇಳದೆ ಎತ್ತಿಕೊಂಡು ಹೋಗಿ ಸುಣ್ಣ ಹೊಡೆಸಿ ತಂದಿಟ್ಟಿದ್ದಾರೆ ಅನ್ನಿಸಿತು. ನೇನಿಗಂತೂ ಮೈಯೆಲ್ಲ ಉರಿ.

"ಕೆನ್ನೆ ಎಲ್ಲೇ ತಿಮಿ?" ಎಂದು ನನ್ನನ್ನೇ ಗದರಿದರು, ನಾನೇ ಕದ್ದಿಟ್ಟುಕೊಂಡವಳಂತೆ. "ಕೆನ್ನೆ ಇಲ್ದಿರೋ ಹ್ಯಾಮ್‌ಸ್ಟರ್ ಅಂದ್ರೆ ಏನು? ಇಲಿ! ಪಾಪ ಯಾರೋ ಅದಕ್ಕೆ ಊಟಾನೇ ಹಾಕ್ತಿಲ್ಲ."

"ಮಿರ್ತಿಲ್‌ಗೆ ಇಷ್ಟ ತಾನೆ?"

"ಇಷ್ಟ ಏನು, ಊಟ ಮಾಡೋವಾಗ್ಲೂ ಅದೇ, ಕಕ್ಕಸಿಗೆ ಹೋದ್ರೂ ಅದೇ. ನಿನ್ನ ಗೊಂಬೆ ಒಂದಿನ ಕೊಡು, ತೋರಿಸ್ತೀನಿ ಅವಳಿಗೆ."

ಕೊಟ್ಟೆ. ನೇನಿಯ ಮನೆಯಲ್ಲಿ ಒಂದೇ ಒಂದು ಚುಪೋರ್ ಉಳಿದಿರಲಿಲ್ಲ. ಗೆರ್ಗೋನದ್ದನ್ನು ನಾಯಿ ತಿಂದಿತ್ತು, ಉಳಿದದ್ದನ್ನೆಲ್ಲ ಊರಿನ ಮಕ್ಕಳಿಗೆ ಹಂಚಿ ಮುಗಿಸಿದ್ದರು. ಮುಂದಿನ ಶುಕ್ರವಾರ ಗೊಂಬೆಯನ್ನು ವಾಪಸ್ ತಂದು ಹಲಗೆಯ ಮೇಲೆ ಇಟ್ಟರು. ಮುಖ ಸಪ್ಪಗಿತ್ತು. ಮಿರ್ತಿಲ್ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದು ಯಾವ ಇಲಿ ಅಜ್ಜಿ?" ಎಂದು ಕೇಳಿದಳಂತೆ.

ಅವತ್ತು ನೇನಿ ಬಿಸಿಗಾಳಿಯ ಟೋಪಿಯ ಕೆಳಗೆ ಮಾತಾಡದೆ ಕೂತದ್ದನ್ನು ಮೊದಲ ಸಲ ನೋಡಿದೆ. ಆಕೆಗೆ ಬೇಕಾಗಿದ್ದದ್ದು ದೊಡ್ಡದೇನಲ್ಲ. ಆ ಹಸಿರನ್ನು ಜಗತ್ತು ಒಪ್ಪದಿದ್ದರೂ ಚಿಂತೆಯಿಲ್ಲ, ತನ್ನ ಮೊಮ್ಮಗಳು ಒಂದೇ ಒಂದು ಸಲ ಅದನ್ನು ನೋಡಿ ಇವನೇ ಚುಪೋರ್ ಅನ್ನಬೇಕು. ಅಷ್ಟೇ ಆಸೆ.

ಫೆಬ್ರವರಿ ಬಂತು. ಚಳಿಗಾಲವನ್ನು ಗಲಾಟೆ ಮಾಡಿ ಓಡಿಸುವ ಫರ್ಶಾಂಗ್ ಹಬ್ಬಕ್ಕೆ ಶಿಶುವಿಹಾರದ ಮಕ್ಕಳೆಲ್ಲ ವೇಷ ಹಾಕಿ ಸಂಸ್ಕೃತಿ ಭವನದ ವೇದಿಕೆ ಹತ್ತುತ್ತಾರೆ. ಒಬ್ಬೊಬ್ಬರೂ ಮೈಕಿನ ಮುಂದೆ ನಿಂತು ತಾನು ಯಾರೆಂದು ಹೇಳಬೇಕು. ವೇಷ ಹೊಲಿಯುವುದು ಅಜ್ಜಿಯರ ಹಕ್ಕು. ಅಂಗಡಿಯಿಂದ ಕೊಂಡು ತಂದ ವೇಷ ಹಾಕಿಸಿದ ತಾಯಿಯ ಬಗ್ಗೆ ನನ್ನ ಸಲೂನಿನಲ್ಲಿ ಈಸ್ಟರ್ ತನಕ ಮಾತು ನಡೆಯುತ್ತದೆ.

"ತಿಮಿ, ನಮ್ಮ ಮಿರ್ತಿಲ್ ಈ ಸಲ ಏನಾಗ್ತಾಳಂತೆ ಹೇಳು ನೋಡೋಣ!" ನೇನಿ ಕೋಟು ಕಳಚುವ ಮುಂಚೆಯೇ ಶುರುಮಾಡಿದರು.

"ರಾಜಕುಮಾರಿ?"

"ಥೂ! ಚುಪೋರ್!"

"ಯಾವ ಚುಪೋರ್ ನೇನಿ?"

"ಯಾವ ಚುಪೋರ್ ಅಂದ್ರೆ? ಊರಲ್ಲಿ ಎಷ್ಟು ಜನ ಚುಪೋರ್ ಇದ್ದಾರೆ?"

"ಅಲ್ಲ, ಮಗು ನೋಡೋದು ಹೊಸದನ್ನಲ್ವಾ..."

"ಅವಳು ಚುಪೋರ್ ಅಂದ್ಲು. ಹೊಸದು ಅಂದ್ಲಾ? ಅನ್ನಲಿಲ್ಲ. ನನ್ನ ಕಿವಿ ಇನ್ನೂ ಗಟ್ಟಿಯಾಗಿದೆ."

ನಾನು ಬೇಡ ಅನ್ನಬಹುದಿತ್ತು. ಅನ್ನಲಿಲ್ಲ. ಕನ್ನಡಿಯಲ್ಲಿ ಆಕೆಯ ಕಣ್ಣು ಹೊಳೆಯುತ್ತಿತ್ತು, ನನಗೂ ಒಳಗೊಳಗೆ ಕುಣಿಯುವಂತಾಗಿತ್ತು. "ಹೊಲೀರಿ ನೇನಿ, ಆ ನೇರಳೆ ಅಂಗಿಯವನಿಗೆ ಒಂದು ಪಾಠ ಆಗ್ಲಿ" ಅಂದೆ. ಮಗುವಿಗೆ ಮೊದಲೇ ತೋರಿಸಬಾರದು, ಅಂದೇ ನೋಡಿ ಬೆರಗಾಗಬೇಕು ಎಂದು ನಾವಿಬ್ಬರೂ ಸೇರಿ ತೀರ್ಮಾನಿಸಿದೆವು. ಹಳೆಯ ಪರದೆಯೊಂದನ್ನು ಕತ್ತರಿಸಿ, ಅದೇ ಕಪ್ಪೆ ಹಸಿರಿಗೆ ಬರುವ ತನಕ ಮೂರು ಸಲ ಬಣ್ಣ ಅದ್ದಿ, ನೇನಿ ಜಾಕೀಟು ಹೊಲಿದರು.

ಹಬ್ಬದ ದಿನ ಮಧ್ಯಾಹ್ನ ಸಂಸ್ಕೃತಿ ಭವನದ ಹಿಂದಿನ ಕೋಣೆಯಲ್ಲಿ ನಾನಿದ್ದೆ. ಮಕ್ಕಳ ಮುಖಕ್ಕೆ ಬಣ್ಣ ಬರೆಯುವುದು ಪ್ರತಿ ವರ್ಷ ನನ್ನ ಪಾಲಿನ ಕೆಲಸ. ಸಲೂನಿನ ಚೀಲ ತಂದಿದ್ದೆ, ಗಿರಾಕಿಗಳ ಮೈಗೆ ಹೊದಿಸುವ ಬಟ್ಟೆಯನ್ನು ಮಕ್ಕಳ ಕುತ್ತಿಗೆಗೆ ಕಟ್ಟಿ ಒಬ್ಬೊಬ್ಬರನ್ನೇ ಬೆಕ್ಕು, ಹುಲಿ, ಕಡಲ್ಗಳ್ಳ ಮಾಡುತ್ತಿದ್ದೆ. ನೇನಿ ಮಿರ್ತಿಲ್‌ಳ ಕೈ ಹಿಡಿದುಕೊಂಡು ಬಂದರು. ಇನ್ನೊಂದು ಕೈಯಲ್ಲಿ ಜಾಮು ತುಂಬಿದ ಫಾಂಕ್ ಬನ್ನುಗಳ ಡಬ್ಬಿ. ಫಾಂಕ್ ಕರಿಯದೆ ಫರ್ಶಾಂಗ್ ಇಲ್ಲ, ನೇನಿಯ ಫಾಂಕ್ ಊರಿನಲ್ಲೆಲ್ಲ ದೊಡ್ಡದು.

"ಕಣ್ಣು ಮುಚ್ಕೋ ಚಿನ್ನ." ಜಾಕೀಟು ತೊಡಿಸಿದರು, ಕಿವಿಯ ಪಟ್ಟಿ ಕಟ್ಟಿದರು. "ಈಗ ಬಿಡು!"

ಮಿರ್ತಿಲ್ ಕನ್ನಡಿ ನೋಡಿದಳು. ಎಡಕ್ಕೆ ತಿರುಗಿದಳು, ಬಲಕ್ಕೆ ತಿರುಗಿದಳು.

"ಇದು ಚುಪೋರ್ ಅಲ್ಲ."

"ಇದೇ ಕಣೇ ಚುಪೋರ್! ನಿಜವಾದ ಚುಪೋರ್! ನಿನ್ನಪ್ಪ ಇಷ್ಟಿದ್ದಾಗ..."

"ಅಲ್ಲ! ಇದು ಆ ಇಲಿ! ನಾನು ಇಲಿ ಆಗಲ್ಲ!"

ಮಗು ಅಳತೊಡಗಿತು. ರಚ್ಚೆ ಹಿಡಿದ ಅಳುವಲ್ಲ, ಸದ್ದಿಲ್ಲದೆ ಮೂಗೊರೆಸಿಕೊಂಡು ಅಳುವ ಅಳು. ನನಗೆ ಕೈಯಲ್ಲಿದ್ದ ಕುಂಚ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಅಷ್ಟರಲ್ಲಿ ಮಾಂಸದಂಗಡಿಯ ಆರ್ಪಾದ್ ತನ್ನ ಮಗನನ್ನು ಕರೆದುಕೊಂಡು ಬಾಗಿಲಿಗೆ ಬಂದ. ಮಗ ರಟ್ಟಿನ ಪೆಟ್ಟಿಗೆಯೊಳಗೆ ಬಟ್ಟೆ ಒಗೆಯುವ ಮೆಷೀನಾಗಿದ್ದ. ಆರ್ಪಾದ್ ಮಗನನ್ನು ಅಲ್ಲೇ ಬಿಟ್ಟು ಎರಡೂ ಕೈ ತಲೆಯ ಮೇಲಿಟ್ಟುಕೊಂಡ.

"ಅಯ್ಯೋ ದೇವ್ರೇ! ಹಸಿರು ಚುಪೋರ್! ಏ, ಬನ್ರೋ ಇಲ್ಲಿ, ಹಸಿರು ಚುಪೋರ್!"

ಸಭಾಂಗಣದಲ್ಲಿದ್ದ ತಂದೆತಾಯಂದಿರು ಒಬ್ಬರ ಹಿಂದೊಬ್ಬರು ನುಗ್ಗಿ ಬಂದರು. ಎಲ್ಲ ನನ್ನ ಓರಗೆಯವರು, ಸ್ವಲ್ಪ ಕಿರಿಯರು. ಬೊಜ್ಜು ಬಂದವರು, ಬೋಳಾದವರು. ಫೋನು ಎತ್ತಿ ಎತ್ತಿ ಫೋಟೋ ತೆಗೆದರು. ಒಬ್ಬಾಕೆ ನಿಜವಾಗಿಯೂ ಕಣ್ಣೊರೆಸಿಕೊಂಡಳು. "ನಂದು ಕಿವಿ ಕಿತ್ತೋಗಿತ್ತು!" "ನಾನು ನಂದನ್ನ ಅಪ್ಪನ ಜೊತೆ ಮಣ್ಣು ಮಾಡ್ದೆ ಕಣೇ!" ಯಾರೋ ಹಳೆಯ ಕಾರ್ಟೂನಿನ ರಾಗ ಗುನುಗಿದರು, ಇಡೀ ಕೋಣೆ ದನಿಗೂಡಿಸಿತು. ನಾನೂ ಹಾಡಿದೆ, ಸುಳ್ಳೇಕೆ ಹೇಳಲಿ.

"ಇದಕ್ಕೆಲ್ಲ ಬಣ್ಣ ಹಚ್ಚಿದ್ದು ಯಾರು ಗೊತ್ತೇನ್ರೋ?" ಆರ್ಪಾದ್ ಕೂಗಿದ. "ಇವರೇ! ನಮ್ಮ ನೇನಿ!"

ಚಪ್ಪಾಳೆ ಬಿತ್ತು. ಆರ್ಪಾದ್ ಬಗ್ಗಿ ನೇನಿಯ ಕೈಗೆ ಮುತ್ತಿಟ್ಟ. ನೇನಿಯ ಮುಖ ಕೆಂಪಾಗಿ, ಕಣ್ಣು ತುಂಬಿ, ಆಕೆ ಒಮ್ಮೆಲೇ ಇಪ್ಪತ್ತೇಳರ ಹೆಂಗಸಾದಂತೆ ಕಂಡರು. ಎಷ್ಟು ವರ್ಷದ ಮೇಲೆ ಬಂದ ಚಪ್ಪಾಳೆ ಅದು! ಅಡುಗೆಮನೆಯ ಮೇಜಿನ ಮೇಲೆ ಕೂತು ಹಚ್ಚಿದ ಬಣ್ಣಕ್ಕೆ ಯಾರೂ ಎಂದೂ ಥ್ಯಾಂಕ್ಸ್ ಹೇಳಿರಲಿಲ್ಲ.

ಆಗ ಮಿರ್ತಿಲ್ ಅಜ್ಜಿಯ ಲಂಗ ಜಗ್ಗಿದಳು. ನಾನು ಪಕ್ಕದಲ್ಲೇ ಇದ್ದುದರಿಂದ ಕೇಳಿಸಿತು.

"ಅಜ್ಜಿ, ಇವರೆಲ್ಲ ಯಾರನ್ನ ನೋಡ್ತಿದ್ದಾರೆ?"

"ನಿನ್ನನ್ನೇ ಬಂಗಾರ!"

"ಅಲ್ಲ. ನನ್ನನ್ನಲ್ಲ."

ನೇನಿ ಮಗುವನ್ನು ನೋಡಿದರು. ಆಮೇಲೆ ಫೋನು ಹಿಡಿದು ನಿಂತಿದ್ದ ನಮ್ಮನ್ನೆಲ್ಲ ನೋಡಿದರು. ಆಕೆಯ ಮುಖದ ಮೇಲೆ ಆಗ ಬಂದ ಭಾವ ನನ್ನ ಎದೆಗೆ ನೇರವಾಗಿ ತಾಗಿತು. ಹಬ್ಬ ಮಗುವಿನದು, ವೇಷ ಮಗುವಿನ ಮೈಮೇಲೆ, ಸಂತೋಷ ಮಾತ್ರ ನಾವು ದೊಡ್ಡವರು ಹಂಚಿಕೊಂಡು ತಿನ್ನುತ್ತಿದ್ದೆವು.

"ನಡೀರಿ ಎಲ್ಲ ಹೊರಗೆ!" ನೇನಿ ಗುಡುಗಿದರು. "ಆರ್ಪಾದ್, ನಿನ್ನ ಮಗ ಪೆಟ್ಟಿಗೆಯೊಳಗೆ ಬೆವರ್ತಿದ್ದಾನೆ, ಮೊದಲು ಅವನನ್ನ ನೋಡು. ಹೊರಗೆ ಅಂದೆ!"

ಶಾಲೆಯ ಅಡುಗೆಮನೆಯಲ್ಲಿ ಇವರೆಲ್ಲರ ತಟ್ಟೆಗೆ ಪಲ್ಯ ಬಡಿಸಿದ ದನಿ ಅದು. ದೊಡ್ಡ ದೊಡ್ಡ ಮೀಸೆಯವರು ಸಾಲಾಗಿ ಹೊರಟು ಹೋದರು. ನೇನಿ ಬಾಗಿಲು ಹಾಕಿ ಮಗುವಿನ ಮುಂದೆ ಮೊಣಕಾಲೂರಿ ಕೂತರು.

"ತಪ್ಪಾಯ್ತು ಚಿನ್ನ. ನೀನು ಹೇಳಿದ್ದು ಒಂದು, ನಾನು ಹೊಲಿದದ್ದು ನನಗೆ ಬೇಕಾದ್ದು. ಈಗ ಹೇಳು, ನಿನ್ನ ಚುಪೋರ್ ಹೆಂಗಿರ್ತಾನೆ?"

"ನೇರಳೆ," ಅಂದಳು ಮಿರ್ತಿಲ್ ಮೂಗೆಳೆಯುತ್ತಾ. "ಟೊಪ್ಪಿ ಇರತ್ತೆ."

ನೇನಿಯ ತಲೆ ನನ್ನ ಕಡೆ ತಿರುಗಿತು. ಕಣ್ಣು ನನ್ನ ಕೈಯಲ್ಲಿದ್ದ ಬಟ್ಟೆಯ ಮೇಲೆ ನಿಂತಿತು. ಗಿರಾಕಿಗಳಿಗೆ ಹೊದಿಸುವ ನನ್ನ ಬಟ್ಟೆಗಳೆಲ್ಲ ನೇರಳೆ.

"ಇದು ಹೊಸದು ನೇನಿ," ಅಂದೆ. ಯಾರು ಕೇಳುತ್ತಾರೆ? ಬಟ್ಟೆ ನನ್ನ ಕೈಯಿಂದ ಹೋಗಿಯೇ ಬಿಟ್ಟಿತು. ಮೇಲ್ತುದಿಯನ್ನು ಮಡಚಿ, ನನ್ನ ಕೂದಲಿನ ಪಿನ್ನುಗಳನ್ನೆಲ್ಲ ಖಾಲಿ ಮಾಡಿ ಟೊಪ್ಪಿ ಮಾಡಿದೆವು. ಮಿರ್ತಿಲ್‌ಳ ಅಳು ನಿಂತು ಅಧಿಕಾರ ಶುರುವಾಯಿತು. "ಕಿವಿ ಹೊರಗಿರ್ಬೇಕು." "ಮೀಸೆ ಅಷ್ಟೊಂದು ಬೇಡ, ಈ ಕಡೆ ಮೂರು, ಆ ಕಡೆ ಮೂರು." "ಜೇಬು ಹೊಟ್ಟೆ ಮೇಲೆ!" ನೇನಿ ಅವಳು ಹೇಳಿದಂತೆಲ್ಲ ಕೇಳಿದರು, ಒಂದಕ್ಕೂ ಎದುರು ಹೇಳಲಿಲ್ಲ. ಎಪ್ಪತ್ತೈದು ವರ್ಷದ ಹೆಂಗಸು ಆರು ವರ್ಷದ ಹುಡುಗಿಯನ್ನು "ಹಿಂಗಾ? ಸರಿ ಇದೆಯಾ?" ಎಂದು ಕೇಳಿ ಕೇಳಿ ಪಿನ್ನು ಚುಚ್ಚುತ್ತಿದ್ದರು.

ಕನ್ನಡಿಯಲ್ಲಿ ತನ್ನನ್ನು ನೋಡಿಕೊಂಡ ಮಿರ್ತಿಲ್ ಕಿರುಚಿದಳು. ಆಮೇಲೆ ಕೋಣೆಯ ಸುತ್ತ ಎರಡು ಸುತ್ತು ಓಡಿದಳು. ಕುರ್ಚಿಯ ಮೇಲೆ ಹಸಿರು ಜಾಕೀಟು ಬಿದ್ದಿತ್ತು. ನೇನಿ ಅದನ್ನೆತ್ತಿ ಮಡಚಿ ಚೀಲಕ್ಕೆ ಹಾಕಲು ಹೊರಟರು. ಓಡುತ್ತಿದ್ದವಳು ನಿಂತಳು.

"ಅದನ್ನ ಯಾರು ಹಾಕ್ಕೋತಾರೆ?"

"ಯಾರೂ ಇಲ್ಲ ಬಿಡು."

"ನೀನು ಹಾಕ್ಕೋ."

"ನಾನಾ? ನನ್ನ ಒಂದು ತೋಳೂ ಹೋಗಲ್ಲ ಇದರೊಳಗೆ!"

"ಹಾಕ್ಕೋ ಅಜ್ಜಿ. ನೀನು ಇಲಿ ಆಗು."

ಕೂದಲು ಕತ್ತರಿಸುವ ಕತ್ತರಿಯನ್ನು ಬಟ್ಟೆಗೆ ಮುಟ್ಟಿಸುವವರನ್ನು ನಾನು ಮನುಷ್ಯರ ಲೆಕ್ಕದಲ್ಲಿ ಸೇರಿಸುವುದಿಲ್ಲ. ನನ್ನ ಗಂಡ ಒಮ್ಮೆ ನನ್ನ ಕತ್ತರಿಯಿಂದ ಹಾಲಿನ ಪ್ಯಾಕೆಟ್ಟು ಕತ್ತರಿಸಿದ್ದಕ್ಕೆ ಎರಡು ದಿನ ಅವನಿಗೆ ಅಡುಗೆ ಹಾಕಿರಲಿಲ್ಲ. ನೇನಿ ನನ್ನ ಚೀಲಕ್ಕೆ ಕೈ ಹಾಕಿ, ಅತ್ಯುತ್ತಮ ಕತ್ತರಿಯನ್ನೇ ತೆಗೆದು, ಜಾಕೀಟಿನ ಬೆನ್ನನ್ನು ಮೇಲಿನಿಂದ ಕೆಳಗಿನ ತನಕ ಚರ್ರನೆ ಸೀಳಿದರು. "ಕಟ್ಟು," ಅಂದರು ನನಗೆ ಬೆನ್ನು ತಿರುಗಿಸಿ. ನಾನು ಬಾಯಿ ಮುಚ್ಚಿಕೊಂಡು ಬಹುಮಾನದ ಪೊಟ್ಟಣಕ್ಕೆಂದು ಅಲ್ಲಿಟ್ಟಿದ್ದ ರಿಬ್ಬನ್ನುಗಳಿಂದ ಕಟ್ಟಿದೆ. ಇವತ್ತಿಗೂ ಆ ಕತ್ತರಿ ಸರಿಯಾಗಿ ಕತ್ತರಿಸುವುದಿಲ್ಲ.

ವೇದಿಕೆಯ ಮೇಲೆ ವಿಲ್ಮಾ ಟೀಚರ್ ಹೆಸರು ಕರೆದರು. ಮಿರ್ತಿಲ್ ಅಜ್ಜಿಯ ಕೈ ಹಿಡಿದು ಮೆಟ್ಟಿಲ ಹತ್ತಿರ ನಿಂತಿದ್ದಳು. ನೇನಿ ಕೊನೆಯ ಕ್ಷಣದಲ್ಲಿ ಏನೋ ನೆನಪಾದವರಂತೆ ಡಬ್ಬಿ ತೆರೆದು, ಒಂದು ಫಾಂಕ್ ಎಡಗೆನ್ನೆಗೆ, ಒಂದು ಬಲಗೆನ್ನೆಗೆ ತುರುಕಿಕೊಂಡರು. ಅವರದೇ ಕೈಯ ಫಾಂಕ್, ಗಾತ್ರ ನಾನು ಹೇಳಿದೆನಲ್ಲ.

ಇಬ್ಬರೂ ವೇದಿಕೆ ಹತ್ತಿದರು. ಸಭಾಂಗಣದಲ್ಲಿ ನಗು ಎದ್ದಿತು ನೋಡಿ, ಕಿಟಕಿಯ ಗಾಜು ಅದುರುವಂಥ ನಗು. ಮುಂದೆ ನೇರಳೆ ಟೊಪ್ಪಿಯ ಪುಟ್ಟ ಚುಪೋರ್, ಹಿಂದೆ ಬಿಗಿದ ಹಸಿರು ಜಾಕೀಟಿನ, ಕೆನ್ನೆ ಸಿಡಿಯುವಂತಿರುವ ದೊಡ್ಡ ಚುಪೋರ್.

"ನೀವಿಬ್ರು ಯಾರು?" ವಿಲ್ಮಾ ಟೀಚರ್ ನಗು ತಡೆದುಕೊಂಡು ಮೈಕನ್ನು ನೇನಿಯ ಬಾಯಿಗೆ ಹಿಡಿದರು.

"ಮ್ಮ್. ಮ್ಮ್," ಅಂದರು ನೇನಿ.

ಊರಿಗೆ ಊರೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಎತೆಲ್ಕಾ ನೇನಿ, ಮೈಕು ಸಿಕ್ಕಿಯೂ ಮಾತಾಡಲಾಗದೆ ನಿಂತಿದ್ದಾರೆ! ಮಿರ್ತಿಲ್ ಮೈಕನ್ನು ತನ್ನ ಕಡೆ ಎಳೆದುಕೊಂಡಳು.

"ಅಜ್ಜಿಗೆ ಮಾತಾಡಕ್ಕಾಗಲ್ಲ, ಬಾಯಲ್ಲಿ ಫಾಂಕ್ ಇದೆ. ನಾನ್ ಹೇಳ್ತೀನಿ. ನಾನು ಚುಪೋರ್. ಇವಳೂ ಚುಪೋರ್." ಸ್ವಲ್ಪ ಯೋಚಿಸಿ ಸೇರಿಸಿದಳು. "ಇವಳು ಮೊದಲನೇ ಚುಪೋರ್. ಎಲ್ಲಾನೂ ಕೆನ್ನೇಲಿ ಇಟ್ಕೋತಾಳೆ."

ನಾನು ಪರದೆಯ ಪಕ್ಕದಲ್ಲಿ ನಿಂತಿದ್ದೆ. ನೇನಿಯ ಕಣ್ಣಿನಿಂದ ನೀರು ಹರಿದು ಆ ಉಬ್ಬಿದ ಕೆನ್ನೆಯ ಮೇಲೆ ಇಳಿಯುತ್ತಿತ್ತು. 'ಇಲಿ' ಹೋಗಿ 'ಚುಪೋರ್' ಬಂದಿತ್ತು. ಆಕೆಗೆ ಅದನ್ನು ಕೇಳಿ ಒಂದು ಮಾತೂ ಆಡಲಾಗಲಿಲ್ಲ, ನಗಲೂ ಆಗಲಿಲ್ಲ, ನಕ್ಕರೆ ಫಾಂಕ್ ಹೊರಗೆ ಬೀಳುತ್ತಿತ್ತು. ಸುಮ್ಮನೆ ತಲೆಯಾಡಿಸಿದರು. ಅಷ್ಟು ಖುಷಿಯಾದ ಮುಖವನ್ನು ನನ್ನ ಕನ್ನಡಿ ಇಷ್ಟು ವರ್ಷದಲ್ಲಿ ಕಂಡಿಲ್ಲ.

ಬಹುಮಾನ ಆರ್ಪಾದನ ಮಗನ ಬಟ್ಟೆ ಒಗೆಯುವ ಮೆಷೀನಿಗೆ ಹೋಯಿತು. ಹೋಗಬೇಕಾದ್ದೇ, ಅದರ ಬಾಗಿಲು ನಿಜವಾಗಿ ತೆರೆಯುತ್ತಿತ್ತು.

ಸಂಜೆ ಬೆಳಕಿರುವಾಗಲೇ ಮೂವರೂ ಹೊರಬಿದ್ದೆವು. ಚರ್ಚಿನ ರಸ್ತೆಯಲ್ಲಿ ಹಿಮ ಅರ್ಧ ಕರಗಿ ಕೆಸರಾಗಿತ್ತು. ನೇನಿ ಕೋಟಿನ ಮೇಲೆಯೇ ಜಾಕೀಟು ಕಟ್ಟಿಸಿಕೊಂಡಿದ್ದರು, ಬಿಚ್ಚಲು ಮಿರ್ತಿಲ್ ಬಿಟ್ಟಿರಲಿಲ್ಲ. ಫಾಂಕ್ ಇಳಿದ ಮೇಲೆ ಬಾಕಿಯಿದ್ದ ಮಾತೆಲ್ಲ ಹೊರಬರುತ್ತಿತ್ತು. ಕಪ್ಪೆಯ ಕಥೆ, ಡ್ರಮ್ಮಿನ ಕಥೆ, ದೆಝೋ ಬಣ್ಣದ ವಾಸನೆಗೆ ಜನವರಿಯಲ್ಲೂ ಕಿಟಕಿ ತೆರೆದಿಟ್ಟು ಕೂತ ಕಥೆ. ಮಿರ್ತಿಲ್ ಸ್ವಲ್ಪ ಕೇಳಿದಳು, ಸ್ವಲ್ಪ ಕೆಸರು ತುಳಿದಳು.

"ಅಜ್ಜಿ," ಅಂದಳು ನಡುವೆ. "ನಾಳೆ ನಾನು ಹಳೇದಾಗ್ತೀನಿ. ನೀನು ಹೊಸದಾಗು."

ನೇನಿ ರಸ್ತೆಯ ಮಧ್ಯದಲ್ಲೇ ನಿಂತುಬಿಟ್ಟರು.

"ಹೊಸದು ಏನೇನ್ ಮಾಡ್ಬೇಕು?"

"ಮಾತಾಡ್ತಾ ಇರ್ಬೇಕು."

"ಅದು ಬರತ್ತೆ ನನಗೆ. ಆಮೇಲೆ?"

"ಓಡ್ಬೇಕು."

"ನಾಳೆ ತನಕ ಯಾರು ಕಾಯ್ತಾರೆ!" ಅಂದರು ನೇನಿ. ಡಬ್ಬಿಯನ್ನು ನನ್ನ ಕೈಗೆ ತುರುಕಿ, ಕೋಟಿನ ಅಂಚು ಎತ್ತಿ ಹಿಡಿದು, ಆ ಕೆಸರಿನಲ್ಲಿ ಓಡಿಯೇ ಬಿಟ್ಟರು. ಹಿಂದೆ ಮಿರ್ತಿಲ್ "ನಿಂತ್ಕೋ ಅಜ್ಜಿ, ನಾನಿನ್ನೂ ಹಳೇದಾಗಿಲ್ಲ!" ಎಂದು ಕೂಗುತ್ತಾ ಓಡಿದಳು. ನೇನಿ ನಿಲ್ಲಲಿಲ್ಲ.